ಆರೇ ಕುರ್ಚಿ, ನೂರಾರು ಕನಸು: ಜಾಕ್ ಪ್ಲಾಂಟ್ ಕಾದು ಗೆದ್ದ ಜಾಗ

ಇಡೀ ಜಗತ್ತಿಗೆ ಆರೇ ಹುದ್ದೆಗಳು. ಆರೂ ಭರ್ತಿಯಾಗಿವೆ. ನಿವೃತ್ತಿಗೆ ಗೊತ್ತಾದ ವಯಸ್ಸಿಲ್ಲ, ಅರ್ಜಿ ಕರೆಯುವ ಪದ್ಧತಿಯೂ ಇಲ್ಲ. ಒಬ್ಬನ ದವಡೆ ಮುರಿಯಬೇಕು, ಇಲ್ಲವೇ ಅವನ ಧೈರ್ಯ ಕುಸಿಯಬೇಕು. ಆಗ ಮಾತ್ರ ಇನ್ನೊಬ್ಬನಿಗೆ ಬಾಗಿಲು ತೆರೆಯುತ್ತದೆ. 1940ರ ದಶಕದ ಕೊನೆಯಲ್ಲಿ ವೃತ್ತಿಪರ ಐಸ್ ಹಾಕಿಯ ಅತ್ಯುನ್ನತ ಕಣದಲ್ಲಿ ಗೋಲ್ ಕೀಪರ್ ಆಗಬಯಸಿದ ಕೆನಡಾದ ಯಾವುದೇ ಹುಡುಗನ ಮುಂದಿದ್ದ ಲೆಕ್ಕಾಚಾರ ಇಷ್ಟೇ.

ಕೊಡಗಿನ ಮೈದಾನಗಳಲ್ಲಿ ನಾವು ಕಾಣುವ ಹಾಕಿಗೂ ಈ ಆಟಕ್ಕೂ ಹೆಸರು ಮತ್ತು ಕೋಲಿನ ಹೊರತು ಹೆಚ್ಚಿನ ನಂಟಿಲ್ಲ. ಇಲ್ಲಿ ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರ್ ಬಿಲ್ಲೆ. ಸುಮಾರು 170 ಗ್ರಾಂ ತೂಗುವ ಈ ಬಿಲ್ಲೆ ಹೆಪ್ಪುಗಟ್ಟಿದ ನೀರಿನ ಮೇಲಿಂದ ಗುಂಡಿನಂತೆ ನುಗ್ಗಿ ಬರುತ್ತದೆ. ನ್ಯಾಷನಲ್ ಹಾಕಿ ಲೀಗ್‌ನಲ್ಲಿ 1942ರಿಂದ 1967ರವರೆಗೆ ಇದ್ದುದು ಮಾಂಟ್ರಿಯಲ್, ಟೊರಾಂಟೊ, ಬಾಸ್ಟನ್, ನ್ಯೂಯಾರ್ಕ್, ಡೆಟ್ರಾಯಿಟ್ ಮತ್ತು ಷಿಕಾಗೊ ನಗರಗಳ ಆರು ತಂಡಗಳು ಮಾತ್ರ. ಪ್ರತಿ ತಂಡಕ್ಕೂ ಒಬ್ಬನೇ ಗೋಲ್ ಕೀಪರ್. ಆತನ ಮುಖ ಸೀಳಿದರೆ ವೈದ್ಯರು ಹೊಲಿಗೆ ಹಾಕಿ ಮುಗಿಸುವವರೆಗೆ ಪಂದ್ಯವೇ ಕಾಯುತ್ತಿತ್ತು. ಆತ ಏಳಲಾರದೆ ಹೋದರೆ ಆತಿಥೇಯ ತಂಡ ಒದಗಿಸಿದ ಯಾರೋ ಹವ್ಯಾಸಿ, ಕೆಲವೊಮ್ಮೆ ತಂಡದ ಸಹಾಯಕ ಸಿಬ್ಬಂದಿಯೇ, ಬಲೆಯ ಮುಂದೆ ನಿಲ್ಲಬೇಕಾಗಿತ್ತು.

ಆ ಆರು ಜಾಗಗಳಲ್ಲಿ ಒಂದಕ್ಕಾಗಿ ಜಾಕ್ ಪ್ಲಾಂಟ್ ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ ಐದು ವರ್ಷ ಕಾದರು. ಸಿಕ್ಕ ಮೇಲೆ ಅದನ್ನು ಉಳಿಸಿಕೊಳ್ಳಲು ಹೋರಾಡಿದರು. ಆ ಹೋರಾಟದ ಒಂದು ಹಂತದಲ್ಲಿ ಅವರು ಧರಿಸಿದ ಮುಖವಾಡ ಆಟದ ಚಹರೆಯನ್ನೇ ಬದಲಿಸಿತು.

ಪ್ಲಾಂಟ್ ಹುಟ್ಟಿದ್ದು 1929ರ ಜನವರಿ 17ರಂದು, ಕೆನಡಾದ ಫ್ರೆಂಚ್ ಭಾಷಿಕ ಪ್ರಾಂತ್ಯ ಕ್ವಿಬೆಕ್‌ನ ಮಾಂಟ್ ಕಾರ್ಮೆಲ್ ಸಮೀಪದ ತೋಟದ ಮನೆಯಲ್ಲಿ. ಕುಟುಂಬ ಮುಂದೆ ಶಾವಿನಿಗನ್ ಎಂಬ ಕಾರ್ಖಾನೆ ಪಟ್ಟಣಕ್ಕೆ ಬಂದು ನೆಲೆಸಿತು. ಹನ್ನೊಂದು ಮಕ್ಕಳಲ್ಲಿ ಜಾಕ್ ಹಿರಿಯರು. ತಂದೆಯದು ಕಾರ್ಖಾನೆಯ ಕೂಲಿ. ಐದನೇ ವಯಸ್ಸಿನಲ್ಲಿ ಏಣಿಯಿಂದ ಬಿದ್ದು ಮುರಿದ ಕೈ ಸರಿಯಾಗಿ ಕೂಡಿಕೊಳ್ಳಲಿಲ್ಲ. ಆ ಊನ ಶಸ್ತ್ರಚಿಕಿತ್ಸೆಯಿಂದ ಸರಿಹೋಗಿದ್ದು ಅವರು ದೊಡ್ಡವರಾದ ಬಳಿಕ. ಇದರ ಮೇಲೆ ಅಸ್ತಮಾ ಬೇರೆ. ಹಿಮದ ಮೇಲೆ ಬಹಳ ಹೊತ್ತು ಓಡಾಡಿದರೆ ಉಸಿರು ಕಟ್ಟುತ್ತಿತ್ತು. ಓಡಲಾಗದ ಹುಡುಗ ನಿಲ್ಲುವ ಜಾಗ ಒಂದೇ, ಗೋಲಿನ ಮುಂದೆ.

ಹೊಸ ಸಲಕರಣೆ ಕೊಳ್ಳುವ ಶಕ್ತಿ ಮನೆಗೆ ಇರಲಿಲ್ಲ. ಮರದ ಬೇರನ್ನು ಕೆತ್ತಿ ತಂದೆ ಮಗನಿಗೆ ಮೊದಲ ಕೋಲು ಮಾಡಿಕೊಟ್ಟರು. ಆಲೂಗಡ್ಡೆಯ ಗೋಣಿಚೀಲಗಳನ್ನು ತುಂಬಿಸಿ, ಮರದ ಹಲಗೆ ಸೇರಿಸಿದರೆ ಅದೇ ಕಾಲಿನ ರಕ್ಷಾಕವಚ. ಚಳಿಗೆ ಕಿವಿ ಮರಗಟ್ಟದಿರಲೆಂದು ತಾಯಿ ಹೆಣಿಗೆ ಕಲಿಸಿದರು. ಪ್ಲಾಂಟ್ ತಮ್ಮ ಉಣ್ಣೆಯ ಕುಲಾವಿಗಳನ್ನು ತಾವೇ ಹೆಣೆದುಕೊಂಡರು. ಜಗದ್ವಿಖ್ಯಾತರಾದ ನಂತರವೂ ಹೆಣಿಗೆಯ ಕಡ್ಡಿಗಳನ್ನು ಬಿಡಲಿಲ್ಲ.

ಮೊದಲ ಅವಕಾಶ ಹನ್ನೆರಡನೇ ವಯಸ್ಸಿಗೆ ಬಂತು. ಶಾಲೆಯ ತಂಡದ ಅಭ್ಯಾಸವನ್ನು ಬದಿಯಲ್ಲಿ ನಿಂತು ನೋಡುತ್ತಿದ್ದಾಗ ತರಬೇತುದಾರನಿಗೂ ಗೋಲ್ ಕೀಪರ್‌ಗೂ ಜಗಳ ಹತ್ತಿತು. ಗೋಲ್ ಕೀಪರ್‌ನನ್ನು ಹೊರಗಟ್ಟಲಾಯಿತು. ಆ ಜಾಗದಲ್ಲಿ ತಾನು ನಿಲ್ಲಬಹುದೇ ಎಂದು ಪುಟ್ಟ ಜಾಕ್ ಕೇಳಿದ. ಬೇರೆ ಗತಿ ಇಲ್ಲದೆ ತರಬೇತುದಾರ ಒಪ್ಪಿದ. ತನಗಿಂತ ನಾಲ್ಕೈದು ವರ್ಷ ಹಿರಿಯರ ಹೊಡೆತಗಳನ್ನು ತಡೆದ ಆ ಹುಡುಗ ಮತ್ತೆ ಜಾಗ ಬಿಟ್ಟುಕೊಡಲಿಲ್ಲ. ಒಬ್ಬ ಹೊರಬಿದ್ದಾಗಲೇ ಇನ್ನೊಬ್ಬ ಒಳಬರುವುದು ಎಂಬ ಈ ಕಸುಬಿನ ಕಟು ಸತ್ಯ ಅವರಿಗೆ ಎದುರಾಗಿದ್ದು ಹೀಗೆ, ಶಾಲೆಯ ಅಂಗಳದಲ್ಲೇ.

ಎರಡು ವರ್ಷಗಳಲ್ಲಿ ಪ್ಲಾಂಟ್ ಏಕಕಾಲಕ್ಕೆ ಐದು ತಂಡಗಳಿಗೆ ಆಡುತ್ತಿದ್ದರು. ಅದರಲ್ಲೊಂದು ಊರಿನ ಕಾರ್ಖಾನೆಯ ತಂಡ. ಕಂಪೆನಿಯ ತಂಡವಾದ್ದರಿಂದ ತರಬೇತುದಾರನಿಗೆ ಸಂಬಳ ಬರುತ್ತದೆ ಎಂಬ ವಿಷಯವನ್ನು ತಂದೆ ಮಗನ ಕಿವಿಗೆ ಹಾಕಿದರು. ಮಗ ನೇರವಾಗಿ ಹೋಗಿ ತನಗೂ ಹಣ ಬೇಕೆಂದ. ಪಂದ್ಯಕ್ಕೆ 50 ಸೆಂಟ್ ಗೊತ್ತಾಯಿತು. ಮುಂದೆ ಮಾಲೀಕರೊಡನೆ, ತರಬೇತುದಾರರೊಡನೆ ಅವರು ನಡೆಸಿದ ಜಗ್ಗಾಟಗಳಿಗೆಲ್ಲ ಇದು ನಾಂದಿ. ಇಂಗ್ಲೆಂಡಿನ ತಂಡವೊಂದು ವಾರಕ್ಕೆ 80 ಡಾಲರ್ ಕೊಡಲು ಮುಂದೆ ಬಂದಾಗ ಮಾತ್ರ ಹೆತ್ತವರು ಒಪ್ಪಲಿಲ್ಲ.

ಆಗಿನ ಆಯ್ಕೆಯ ವ್ಯವಸ್ಥೆಯ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಇಂದು ಎನ್‌ಎಚ್‌ಎಲ್‌ನ ತಂಡಗಳು ವರ್ಷಕ್ಕೊಮ್ಮೆ ಹದಿನೆಂಟರ ಆಸುಪಾಸಿನ ಹುಡುಗರನ್ನು ಸರದಿಯಂತೆ ಏಳು ಸುತ್ತುಗಳಲ್ಲಿ ಆರಿಸಿಕೊಳ್ಳುತ್ತವೆ. ಪ್ಲಾಂಟ್ ಕಾಲದಲ್ಲಿ ಅಂಥ ಹಂಚಿಕೆ ಇರಲಿಲ್ಲ. ದೊಡ್ಡ ಕ್ಲಬ್‌ಗಳು ಊರೂರಿನ ಕಿರಿಯರ ತಂಡಗಳಿಗೆ ಹಣ ನೀಡಿ ಪೋಷಿಸುತ್ತಿದ್ದವು. ಶೋಧಕರು ಮನೆಬಾಗಿಲಿಗೆ ಹೋಗಿ, ಅಲ್ಪ ಮೊತ್ತ ಕೈಗಿಟ್ಟು, ಸಿ ನಮೂನೆ ಎಂದು ಕರೆಯಲಾಗುತ್ತಿದ್ದ ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಮುಗಿಯಿತು. ಹುಡುಗನ ವೃತ್ತಿಜೀವನದ ಹಕ್ಕು ಆ ಕ್ಲಬ್‌ನದು. ಆಡಿಸಿದರೆ ಆಡಬೇಕು, ಉಪತಂಡಕ್ಕೆ ಕಳುಹಿಸಿದರೆ ಹೋಗಬೇಕು, ಮಾರಿದರೆ ಗಂಟುಮೂಟೆ ಕಟ್ಟಬೇಕು. 1946ರಲ್ಲಿ ಟೊರಾಂಟೊದಿಂದ ಮಾಂಟ್ರಿಯಲ್‌ಗೆ ಬಂದ ವ್ಯವಸ್ಥಾಪಕ ಫ್ರ್ಯಾಂಕ್ ಸೆಲ್ಕಿ ಈ ಜಾಲವನ್ನು ಕೆನಡಾದ ಉದ್ದಗಲಕ್ಕೂ ಹರಡಿದರು. ಸೌಮ್ಯವಾಗಿ ಹೇಳುವುದಾದರೆ ಅದು ಜೀತಕ್ಕೆ ಹತ್ತಿರದ ಏರ್ಪಾಡು; ಆದರೂ ಅದರೊಳಗೆ ಸೇರಲು ಹುಡುಗರು ಸಾಲುಗಟ್ಟಿ ನಿಂತಿದ್ದರು.

ಪ್ಲಾಂಟ್ 1947ರಲ್ಲಿ ವಾರಕ್ಕೆ 85 ಡಾಲರ್ ಸಂಬಳಕ್ಕೆ ಕ್ವಿಬೆಕ್ ಸಿಟಡೆಲ್ಸ್ ಎಂಬ ಕಿರಿಯರ ತಂಡ ಸೇರಿದರು. ಅಲ್ಲಿನ ರಕ್ಷಣಾ ಆಟಗಾರರು ದುರ್ಬಲರು. ಗೋಲಿನ ಹಿಂಬದಿಗೆ ಹೋದ ಪಕ್ ಅನ್ನು ಅವರು ತಲುಪುವಷ್ಟರಲ್ಲಿ ಎದುರಾಳಿ ಕೈವಶ ಮಾಡಿಕೊಂಡಿರುತ್ತಿದ್ದ. ಕಾದು ಕಾದು ಬೇಸತ್ತ ಪ್ಲಾಂಟ್ ತಾವೇ ಬಲೆ ಬಿಟ್ಟು ಹೊರಬಂದು ಪಕ್ ಅನ್ನು ತಡೆದು ಜತೆಗಾರರಿಗೆ ತಳ್ಳತೊಡಗಿದರು. ಗೋಲ್ ಕೀಪರ್ ಎಂದರೆ ಬಲೆಗೆ ಅಂಟಿಕೊಂಡಿರಬೇಕು ಎಂದು ನಂಬಿದ್ದವರಿಗೆ ಇದು ಹುಚ್ಚಾಟವಾಗಿ ಕಂಡಿತು. ಇಂದು ಈ ಕೌಶಲವಿಲ್ಲದ ಗೋಲ್ ಕೀಪರ್‌ಗೆ ದೊಡ್ಡ ತಂಡದಲ್ಲಿ ಜಾಗ ಸಿಗುವುದು ಕಷ್ಟ.

1949ರ ಆಗಸ್ಟ್‌ನಲ್ಲಿ ಸೆಲ್ಕಿ ಒಪ್ಪಂದಪತ್ರ ಮುಂದಿಟ್ಟರು. ಸಹಿ ಹಾಕಿದ್ದು ಮಾಂಟ್ರಿಯಲ್ ಕೆನೇಡಿಯನ್ಸ್ ಸಂಸ್ಥೆಗಾದರೂ ಆಡಬೇಕಾಗಿದ್ದುದು ಅದೇ ನಗರದ ಉಪತಂಡ ಮಾಂಟ್ರಿಯಲ್ ರಾಯಲ್ಸ್‌ಗೆ. ಸಂಬಳ ಋತುವಿಗೆ 4,500 ಡಾಲರ್. ಮುಖ್ಯ ತಂಡದ ಅಭ್ಯಾಸಕ್ಕೆ ಹೋಗಿ ತಾರೆಗಳ ಹೊಡೆತ ತಡೆಯುವುದಕ್ಕೆ ಇನ್ನೂ 500. ಬೆಳಿಗ್ಗೆ ಮಾರಿಸ್ ರಿಷಾರ್ ಅವರಂಥ ದಿಗ್ಗಜರ ಎದುರು ಅಭ್ಯಾಸ, ಸಂಜೆ ಉಪತಂಡದ ಪಂದ್ಯ. ತಾರೆಗಳು ಆಡುವ ಕಣ ಕೂಗಳತೆಯಲ್ಲಿತ್ತು, ಆದರೆ ನಡುವೆ ಒಬ್ಬ ಮನುಷ್ಯ ನಿಂತಿದ್ದ. ಆತನ ಹೆಸರು ಜೆರ್ರಿ ಮೆಕ್‌ನೀಲ್.

ಮೆಕ್‌ನೀಲ್ ಕೂಡ ಹೀಗೆಯೇ ಕಾದು ಬಂದವರು. ಅವರಿಗಿಂತ ಮುಂಚೆ ಆ ಜಾಗದಲ್ಲಿ ಇದ್ದವರು ಬಿಲ್ ಡರ್ನನ್. ಏಳು ಋತುಗಳಲ್ಲಿ ಆರು ಬಾರಿ ವೆಜಿನಾ ಟ್ರೋಫಿ ಗೆದ್ದ ಅಸಾಮಾನ್ಯ ಆಟಗಾರ ಡರ್ನನ್, 1950ರ ಪ್ಲೇ ಆಫ್ ಸರಣಿಯ ನಡುವೆಯೇ ಮಾನಸಿಕ ಒತ್ತಡ ತಾಳಲಾರದೆ ಹಿಂದೆ ಸರಿದು, ಮೆಕ್‌ನೀಲ್‌ಗೆ ಜಾಗ ಬಿಟ್ಟು ನಿವೃತ್ತರಾದರು. ಅದೇ ಒತ್ತಡ ಈಗ ಮೆಕ್‌ನೀಲ್ ಹೆಗಲೇರಿತ್ತು. 1951ರ ಸ್ಟಾನ್ಲಿ ಕಪ್ ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ಟೊರಾಂಟೊದ ಬಿಲ್ ಬ್ಯಾರಿಲ್ಕೊ ಹೊಡೆದ ಗೋಲು ಕೆನಡಾದ ಕ್ರೀಡಾ ಇತಿಹಾಸದ ಸುಪ್ರಸಿದ್ಧ ಗೋಲುಗಳಲ್ಲೊಂದು. ಅದು ಒಳಹೊಕ್ಕಿದ್ದು ಮೆಕ್‌ನೀಲ್ ಕಾಯುತ್ತಿದ್ದ ಬಲೆಗೆ.

1952-53ರ ಋತುವಿನಲ್ಲಿ ಮೆಕ್‌ನೀಲ್ ಗಾಯಗೊಂಡಾಗ ಪ್ಲಾಂಟ್‌ಗೆ ಕರೆ ಬಂತು. ಜತೆಗೆ ಒಂದು ತಗಾದೆಯೂ ಬಂತು. ಕುಲಾವಿ ಹಾಕಿಕೊಂಡು ಎನ್‌ಎಚ್‌ಎಲ್ ಪಂದ್ಯ ಆಡುವುದು ತರಬೇತುದಾರ ಡಿಕ್ ಅರ್ವಿನ್‌ಗೆ ಸಮ್ಮತವಿರಲಿಲ್ಲ. ಮೊದಲ ಪಂದ್ಯಕ್ಕೆ ಮುನ್ನ ಪ್ಲಾಂಟ್ ಅವರ ಕುಲಾವಿಗಳು ಇದ್ದಕ್ಕಿದ್ದಂತೆ ಕಾಣೆಯಾದವು. ಬರಿದಲೆಯಲ್ಲೇ ಕಣಕ್ಕಿಳಿದ ಅವರು ಮೂರು ಪಂದ್ಯಗಳಲ್ಲಿ ಬಿಟ್ಟುಕೊಟ್ಟಿದ್ದು ನಾಲ್ಕೇ ಗೋಲು. ಆದರೂ ಮೆಕ್‌ನೀಲ್ ಚೇತರಿಸಿಕೊಂಡ ಕೂಡಲೇ ಹಳೆಯ ಜಾಗಕ್ಕೆ ಮರಳಬೇಕಾಯಿತು.

ನಿಜವಾದ ಪರೀಕ್ಷೆ 1953ರ ವಸಂತದಲ್ಲಿ ಎದುರಾಯಿತು. ಷಿಕಾಗೊ ವಿರುದ್ಧದ ಏಳು ಪಂದ್ಯಗಳ ಸೆಮಿಫೈನಲ್ ಸರಣಿಯಲ್ಲಿ ಮಾಂಟ್ರಿಯಲ್ 2-3ರಿಂದ ಹಿಂದಿತ್ತು. ಇನ್ನೊಂದು ಸೋತರೆ ಕಥೆ ಮುಗಿದಂತೆ. ಬಳಲಿದ್ದ ಮೆಕ್‌ನೀಲ್ ಬದಲಿಗೆ ಅರ್ವಿನ್ 24 ವರ್ಷದ ಪ್ಲಾಂಟ್ ಅವರನ್ನು ಇಳಿಸಿದರು. ಎದುರಾಳಿಯ ನೆಲದಲ್ಲಿ, ಸೋಲಿನ ಅಂಚಿನಲ್ಲಿ, ಬರಿ ಮೂರು ಲೀಗ್ ಪಂದ್ಯಗಳ ಅನುಭವವಿದ್ದ ಹುಡುಗ. ಆರಂಭದಲ್ಲೇ ಏಕಾಂಗಿಯಾಗಿ ನುಗ್ಗಿಬಂದ ಎದುರಾಳಿಯನ್ನು ತಡೆದ ಪ್ಲಾಂಟ್ ಅಂದು ಒಂದೂ ಗೋಲು ಬಿಡಲಿಲ್ಲ. 3-0ಯಿಂದ ಗೆದ್ದ ತಂಡ ಏಳನೆಯ ಪಂದ್ಯವನ್ನೂ ಗೆದ್ದು ಫೈನಲ್ ತಲುಪಿತು. ಅಲ್ಲಿ ಬಾಸ್ಟನ್ ವಿರುದ್ಧ ಪ್ಲಾಂಟ್ ಒಂದು ಗೆದ್ದು ಒಂದು ಸೋತರು. ಅರ್ವಿನ್ ಮತ್ತೆ ಮೆಕ್‌ನೀಲ್ ಅವರನ್ನು ತಂದರು. ಮಾಂಟ್ರಿಯಲ್ ಕಪ್ ಗೆದ್ದಿತು. ಬೆಳ್ಳಿಯ ಕಪ್ ಮೇಲೆ ಪ್ಲಾಂಟ್ ಹೆಸರು ಕೆತ್ತಲಾಯಿತು, ತಂಡದಲ್ಲಿ ಜಾಗ ಮಾತ್ರ ಸಿಗಲಿಲ್ಲ.

ಇದು ಪ್ಲಾಂಟ್ ಒಬ್ಬರ ಹಣೆಬರಹವಲ್ಲ. ಅದೇ ವರ್ಷ ನ್ಯೂಯಾರ್ಕ್ ರೇಂಜರ್ಸ್‌ನ ಗಂಪ್ ವರ್ಸ್ಲಿ ಲೀಗ್‌ನ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಪಡೆದರು. ಮರುವರ್ಷ ಅವರ ಜಾಗವನ್ನು ಜಾನಿ ಬೋವರ್‌ಗೆ ಕೊಟ್ಟು ವರ್ಸ್ಲಿಯನ್ನು ಕೆಳಹಂತದ ಲೀಗ್‌ಗೆ ದೂಡಲಾಯಿತು. ಋತುವಿನ ಎಲ್ಲ 70 ಪಂದ್ಯಗಳನ್ನೂ ಆಡಿದ ಬೋವರ್ ಅದರ ಮುಂದಿನ ವರ್ಷ ತಾವೇ ಕೆಳಗಿಳಿದರು, ವರ್ಸ್ಲಿ ಮೇಲೆ ಬಂದರು. ಬೋವರ್ ಮತ್ತೆ ಸ್ಥಿರವಾದ ಜಾಗ ಕಂಡಿದ್ದು 1958ರಲ್ಲಿ, ಟೊರಾಂಟೊದಲ್ಲಿ. ಇತ್ತ ಮಾಂಟ್ರಿಯಲ್‌ನಲ್ಲಿ ಮುನ್ಪಡೆಯ ಯುವ ಆಟಗಾರ ಜಾನ್ ಬೆಲಿವೊ ಅವರಿಗಾಗಿ ಕ್ಲಬ್ ವರ್ಷಗಟ್ಟಲೆ ದುಂಬಾಲು ಬಿದ್ದಿತ್ತು. ಮುನ್ಪಡೆಯಲ್ಲಿ ಹತ್ತಾರು ಜಾಗಗಳಿದ್ದವು, ಗೋಲಿನ ಮುಂದೆ ಒಂದೇ. ಅಸಾಧಾರಣ ಪ್ರತಿಭೆ ಇದ್ದರೂ ಚಾತಕಪಕ್ಷಿಯಂತೆ ಕಾಯುವುದು ಗೋಲ್ ಕೀಪರ್‌ಗೆ ತಪ್ಪುತ್ತಿರಲಿಲ್ಲ.

1953-54ರಲ್ಲಿ ಪ್ಲಾಂಟ್ ಅವರನ್ನು ಅಮೆರಿಕದ ಬಫಲೊ ನಗರದ ಉಪತಂಡಕ್ಕೆ ಕಳುಹಿಸಲಾಯಿತು. ಅಲ್ಲಿನ ಪ್ರೇಕ್ಷಕರು ಅವರ ಮಿಂಚಿನ ಚಲನೆಗೆ ಮಾರುಹೋಗಿ ಜೇಕ್ ದ ಸ್ನೇಕ್ ಎಂದು ಅಡ್ಡಹೆಸರಿಟ್ಟರು. 1954ರ ಫೆಬ್ರುವರಿಯಲ್ಲಿ ಮೆಕ್‌ನೀಲ್ ಮತ್ತೆ ಗಾಯಗೊಂಡರು. ಮೇಲೆ ಬಂದ ಪ್ಲಾಂಟ್ 17 ಪಂದ್ಯಗಳಲ್ಲಿ ಐದರಲ್ಲಿ ಒಂದೂ ಗೋಲು ಬಿಡಲಿಲ್ಲ. ಆದರೂ ಡೆಟ್ರಾಯಿಟ್ ವಿರುದ್ಧದ ಫೈನಲ್‌ನ ಕೊನೆಯ ಪಂದ್ಯಗಳಿಗೆ ಅರ್ವಿನ್ ಹಳೆಯ ಕುದುರೆಯನ್ನೇ ನೆಚ್ಚಿದರು. ಏಳನೇ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಟೋನಿ ಲೆಸ್ವಿಕ್ ಎಸೆದ ಪಕ್, ಮಾಂಟ್ರಿಯಲ್‌ನದೇ ಆಟಗಾರ ಡಗ್ ಹಾರ್ವಿ ಅವರ ಕೈಗವಸಿಗೆ ತಾಗಿ ದಿಕ್ಕು ಬದಲಿಸಿ ಮೆಕ್‌ನೀಲ್ ಅವರನ್ನು ದಾಟಿತು. ಮೂರೇ ವರ್ಷಗಳಲ್ಲಿ ಎರಡನೇ ಬಾರಿಗೆ ಕಪ್ ಕಳೆದ ಗೋಲು ಅವರ ಪಾಲಿಗೆ ಬಂದಿತ್ತು. ಅವರು ಮುಂದಿನ ಋತುವಿಗೆ ಮರಳಲಿಲ್ಲ. 25 ವರ್ಷದ ಜಾಕ್ ಪ್ಲಾಂಟ್ ಮಾಂಟ್ರಿಯಲ್‌ನ ಗೋಲ್ ಕೀಪರ್ ಆದರು.

ಮುಂದಿನದು ದಾಖಲೆಗಳ ಕಥೆ. 1956ರಿಂದ 1960ರವರೆಗೆ ಮಾಂಟ್ರಿಯಲ್ ಸತತ ಐದು ಬಾರಿ ಸ್ಟಾನ್ಲಿ ಕಪ್ ಗೆದ್ದಿತು. ಬೇರಾವ ತಂಡಕ್ಕೂ ಅದು ಸಾಧ್ಯವಾಗಿಲ್ಲ. ಆ ಐದೂ ವರ್ಷ ವೆಜಿನಾ ಟ್ರೋಫಿ ಪ್ಲಾಂಟ್ ಅವರದು.

ಇಷ್ಟಾದರೂ ಜಾಗ ಭದ್ರವಾಗಿರಲಿಲ್ಲ. ಅರ್ವಿನ್ ನಂತರ ಬಂದ ತರಬೇತುದಾರ ಟೋ ಬ್ಲೇಕ್ ಪಾಲಿಗೆ ಪ್ಲಾಂಟ್ ಬಾಯಲ್ಲಿನ ಬಿಸಿತುಪ್ಪ. ಒಂಟಿ ಸ್ವಭಾವ, ಅಸ್ತಮಾದ ದೂರು, ಬಲೆ ಬಿಟ್ಟು ಅಲೆಯುವ ಚಾಳಿ, ಎಲ್ಲಕ್ಕಿಂತ ಮಿಗಿಲಾಗಿ ಮುಖವಾಡದ ಹಟ. ಕೆನ್ನೆಯ ಮೂಳೆ ಮುರಿದ ಬಳಿಕ ಪ್ಲಾಂಟ್ ಅಭ್ಯಾಸದ ವೇಳೆ ಮುಖವಾಡ ಧರಿಸುತ್ತಿದ್ದರು. ಪಂದ್ಯದಲ್ಲಿ ಧರಿಸಲು ಬ್ಲೇಕ್ ಬಿಡುತ್ತಿರಲಿಲ್ಲ. ಮುಖವಾಡ ದೃಷ್ಟಿಗೆ ಅಡ್ಡಿ ಎಂಬುದು ಹೊರಗೆ ಹೇಳುವ ಕಾರಣ. ಆಳದಲ್ಲಿದ್ದುದು ಬೇರೆ: ಮುಖ ಮುಚ್ಚಿಕೊಂಡವನು ಹೆದರಿದವನು, ಹೆದರಿದವನ ಜಾಗಕ್ಕೆ ಬರಲು ಕೆಳಗೆ ಹತ್ತು ಮಂದಿ ಸಿದ್ಧ. ಗೋಲ್ ಕೀಪರ್‌ಗಳು ಹಲ್ಲು, ಮೂಗು, ಹುಬ್ಬು ಕಳೆದುಕೊಂಡೂ ಸುಮ್ಮನಿದ್ದುದು ಈ ಲೆಕ್ಕದಿಂದಲೇ. 1930ರಲ್ಲಿ ಕ್ಲಿಂಟ್ ಬೆನೆಡಿಕ್ಟ್ ಕೆಲಕಾಲ ಚರ್ಮದ ಮುಖವಾಡ ಧರಿಸಿದ್ದು ಬಿಟ್ಟರೆ ಎನ್‌ಎಚ್‌ಎಲ್‌ನಲ್ಲಿ ಯಾರೂ ಆ ಸಾಹಸಕ್ಕೆ ಕೈಹಾಕಿರಲಿಲ್ಲ.

1959ರ ನವೆಂಬರ್ 1ರ ರಾತ್ರಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರೇಂಜರ್ಸ್‌ನ ಆ್ಯಂಡಿ ಬಾತ್‌ಗೇಟ್ ಹೊಡೆದ ಪಕ್ ಪ್ಲಾಂಟ್ ಅವರ ಮುಖಕ್ಕೆ ಬಡಿಯಿತು. ಪಂದ್ಯ ಆರಂಭವಾಗಿ ಕೆಲವೇ ನಿಮಿಷಗಳಾಗಿದ್ದವು. ಮೂಗಿನ ಬಳಿ ಸೀಳಿ ರಕ್ತ ಹಿಮದ ಮೇಲೆ ಹರಿಯಿತು. ಒಳಗೆ ವೈದ್ಯರು ಹೊಲಿಗೆ ಹಾಕಿದರು. ಮುಖವಾಡ ಇಲ್ಲದೆ ಮರಳುವುದಿಲ್ಲ ಎಂದು ಪ್ಲಾಂಟ್ ಪಟ್ಟು ಹಿಡಿದರು. ಬ್ಲೇಕ್ ಸುತ್ತ ನೋಡಿದರು, ಬದಲಿ ಗೋಲ್ ಕೀಪರ್ ಇರಲಿಲ್ಲ. ಒಂದೇ ಜಾಗ ಎಂಬ ನಿಯಮ ಅಷ್ಟು ವರ್ಷ ಗೋಲ್ ಕೀಪರ್‌ಗಳನ್ನು ಹೆದರಿಸಿ ಇಟ್ಟಿತ್ತು. ಆ ರಾತ್ರಿ ಅದೇ ನಿಯಮ ತರಬೇತುದಾರನ ಕೈ ಕಟ್ಟಿತು. ಗಾಯ ಮಾಯುವವರೆಗೆ ಮಾತ್ರ ಎಂಬ ಷರತ್ತಿನ ಮೇಲೆ ಅವರು ಒಪ್ಪಿದರು.

ಫೈಬರ್‌ಗ್ಲಾಸ್ ಕಂಪೆನಿಯೊಂದರ ನೌಕರ ಬಿಲ್ ಬರ್ಚ್‌ಮೋರ್ ರೂಪಿಸಿದ ಬಿಳಿಚಿದ ಮುಖವಾಡ ತೊಟ್ಟು ಪ್ಲಾಂಟ್ ಹಿಮಕ್ಕೆ ಮರಳಿದರು. ಮಾಂಟ್ರಿಯಲ್ 3-1ರಿಂದ ಗೆದ್ದಿತು. ತಂಡದ ಸೋಲರಿಯದ ಓಟ 18 ಪಂದ್ಯಗಳಿಗೆ ಬೆಳೆಯಿತು. ಗೆಲ್ಲುತ್ತಿರುವವನ ಮುಖದಿಂದ ಮುಖವಾಡ ಕಿತ್ತುಕೊಳ್ಳುವುದು ಸುಲಭವಲ್ಲ. 1960ರ ಮಾರ್ಚ್‌ನಲ್ಲಿ ಬ್ಲೇಕ್ ಒತ್ತಾಯಕ್ಕೆ ಮಣಿದು ಒಂದು ಪಂದ್ಯ ಅದಿಲ್ಲದೆ ಆಡಿದರು. ಡೆಟ್ರಾಯಿಟ್ ವಿರುದ್ಧ ತಂಡ 0-3ರಿಂದ ಸೋತಿತು. ಮುಂದಿನ ಪಂದ್ಯಕ್ಕೆ ಮುಖವಾಡ ಮರಳಿತು, ಮತ್ತೆಂದೂ ಕಳಚಲಿಲ್ಲ.

ಕೀರ್ತಿ ಜಾಗಕ್ಕೆ ಕಾವಲಾಗಲಿಲ್ಲ. 1960-61ರಲ್ಲಿ ಮೊಣಕಾಲು ಕೈಕೊಟ್ಟಿತು, ಆಟ ಕುಸಿಯಿತು. ಐದು ಕಪ್‌ಗಳ ವೀರನನ್ನು ಅವರ ಹಳೆಯ ಉಪತಂಡ ರಾಯಲ್ಸ್‌ಗೆ ಕಳುಹಿಸಲಾಯಿತು. 31 ದಾಟಿದ ಪ್ಲಾಂಟ್ ಹುಡುಗರ ನಡುವೆ ಎಂಟು ಪಂದ್ಯ ಆಡಿದರು. ಮೇಲೆ ಅವರ ಜಾಗದಲ್ಲಿ ನಿಂತವರು, ವರ್ಷಗಳಿಂದ ಅವರ ನೆರಳಲ್ಲಿ ಕಾದಿದ್ದ ಚಾರ್ಲಿ ಹಾಡ್ಜ್. ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಮರಳಿದ ಪ್ಲಾಂಟ್ 1961-62ರ ಎಲ್ಲ 70 ಪಂದ್ಯಗಳನ್ನೂ ಆಡಿ, ವೆಜಿನಾ ಜತೆಗೆ ಲೀಗ್‌ನ ಅತ್ಯಮೂಲ್ಯ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿಯನ್ನೂ ಗೆದ್ದರು.

1963ರ ಜೂನ್ 4ರಂದು ಮಾಂಟ್ರಿಯಲ್ ಅವರನ್ನು ನ್ಯೂಯಾರ್ಕ್‌ಗೆ ಸಾಗಹಾಕಿತು. ಬದಲಿಗೆ ಬಂದವರಲ್ಲಿ ಗಂಪ್ ವರ್ಸ್ಲಿ ಒಬ್ಬರು. ಮರುದಿನ, ಜೂನ್ 5ರಂದು, ಅದೇ ಮಾಂಟ್ರಿಯಲ್‌ನ ಹೋಟೆಲೊಂದರಲ್ಲಿ ಎನ್‌ಎಚ್‌ಎಲ್ ಇತಿಹಾಸದ ಪ್ರಪ್ರಥಮ ಹವ್ಯಾಸಿ ಆಟಗಾರರ ಆಯ್ಕೆ ಸಭೆ ನಡೆದು, ಯಾವ ಕ್ಲಬ್‌ಗೂ ಸೇರದ 21 ಹುಡುಗರ ಹೆಸರುಗಳು ಹಂಚಿಕೆಯಾದವು. ಹಳೆಯ ಪದ್ಧತಿ ಕರಗಲು ಆರಂಭವಾಗಿದ್ದು ಅಂದಿನಿಂದ. ವರ್ಸ್ಲಿ ಮಾಂಟ್ರಿಯಲ್‌ನಲ್ಲಿ ಕೆಲವೇ ಪಂದ್ಯಗಳಲ್ಲಿ ಗಾಯಗೊಂಡರು. ಹಾಡ್ಜ್ ಕೊನೆಗೂ ಜಾಗ ಪಡೆದು 1964ರ ವೆಜಿನಾ ಗೆದ್ದರು. ಪ್ಲಾಂಟ್ ಮಾತ್ರ ದುರ್ಬಲ ತಂಡದಲ್ಲಿ ನಲುಗಿ, ಬಾಲ್ಟಿಮೋರ್‌ನ ಉಪತಂಡಕ್ಕಿಳಿದು, 1965ರಲ್ಲಿ ನಿವೃತ್ತಿ ಘೋಷಿಸಿದರು. ಅದೇ ಡಿಸೆಂಬರ್‌ನಲ್ಲಿ ಸೋವಿಯತ್ ರಾಷ್ಟ್ರೀಯ ತಂಡದ ವಿರುದ್ಧ ಮಾಂಟ್ರಿಯಲ್ ಕಿರಿಯರ ತಂಡಕ್ಕೆ ಆಸರೆಯಾಗಿ ಒಂದು ಪಂದ್ಯ ಆಡಿದರು. ಇಪ್ಪತ್ತರ ಹುಡುಗರ ಹಿಂದೆ 36ರ ಪ್ಲಾಂಟ್ ನಿಂತಿದ್ದ ಆ ಪಂದ್ಯವನ್ನು ಕಿರಿಯರು 2-1ರಿಂದ ಗೆದ್ದರು.

ಅಷ್ಟರಲ್ಲಿ ನಿಯಮ ಬದಲಾಗಿತ್ತು. 1965-66ರಿಂದ ಪ್ರತಿ ತಂಡವೂ ಇಬ್ಬರು ಗೋಲ್ ಕೀಪರ್‌ಗಳನ್ನು ಸಜ್ಜಾಗಿ ಇಟ್ಟುಕೊಳ್ಳುವುದು ಕಡ್ಡಾಯವಾಯಿತು. 1967ರಲ್ಲಿ ತಂಡಗಳ ಸಂಖ್ಯೆ ಆರರಿಂದ ಹನ್ನೆರಡಕ್ಕೇರಿತು. ಆರು ಜಾಗಗಳು ಕೆಲವೇ ವರ್ಷಗಳಲ್ಲಿ ಇಪ್ಪತ್ತನಾಲ್ಕಾದವು. (2021ರಲ್ಲಿ ಲೀಗ್ 32 ತಂಡಗಳಿಗೆ ಬೆಳೆಯಿತು.) ಈ ಹೊಸ ಅವಕಾಶದ ಲಾಭ ಎಳೆಯರಿಗಷ್ಟೇ ಅಲ್ಲ, 39ರ ಪ್ಲಾಂಟ್‌ಗೂ ಸಿಕ್ಕಿತು. ಸೇಂಟ್ ಲೂಯಿಸ್ ಬ್ಲೂಸ್ 1968ರಲ್ಲಿ ಅವರನ್ನು ಕರೆತಂದಿತು. ಸಮವಯಸ್ಕ ಎನ್ನಬಹುದಾದ ಗ್ಲೆನ್ ಹಾಲ್ ಜತೆ ಹೊಣೆ ಹಂಚಿಕೊಂಡು ಏಳನೇ ವೆಜಿನಾ ಗೆದ್ದರು. ಬಳಿಕ ಟೊರಾಂಟೊ ಸೇರಿ, 1970-71ರಲ್ಲಿ, 42ರ ವಯಸ್ಸಿನಲ್ಲಿ, ಪಂದ್ಯಕ್ಕೆ ಸರಾಸರಿ 1.88 ಗೋಲು ಮಾತ್ರ ಬಿಟ್ಟು ಲೀಗ್‌ನಲ್ಲೇ ಅಗ್ರಸ್ಥಾನ ಪಡೆದರು.

ಆ ಋತುವಿನ ನಡುವೆ ಟೊರಾಂಟೊಗೆ ಬರ್ನಿ ಪೇರಂಟ್ ಎಂಬ ಯುವ ಗೋಲ್ ಕೀಪರ್ ಬಂದರು. ಹಳೆಯ ಕಾಲವಾಗಿದ್ದರೆ ಇಬ್ಬರೂ ಒಂದೇ ಜಾಗಕ್ಕೆ ಬದ್ಧ ಪೈಪೋಟಿದಾರರು. ಒಂಟಿಗ, ಸ್ವಾರ್ಥಿ ಎಂದೆಲ್ಲ ಜತೆಗಾರರಿಂದ ಅನ್ನಿಸಿಕೊಂಡಿದ್ದ ಪ್ಲಾಂಟ್ ಈ ಹುಡುಗನ ಎದುರು ತಮ್ಮ ಗಂಟನ್ನೆಲ್ಲ ಬಿಚ್ಚಿದರು. ಎಲ್ಲಿ ನಿಲ್ಲಬೇಕು, ಹೊಡೆತಗಾರನಿಗೆ ಬಲೆಯ ಯಾವ ಮೂಲೆ ಕಾಣದಂತೆ ಮಾಡಬೇಕು, ತೂಕ ಯಾವ ಕಾಲಿನ ಮೇಲಿರಬೇಕು ಎಂಬುದನ್ನು ಕಲಿಸಿದರು. ಫಿಲಡೆಲ್ಫಿಯಾಗೆ ಮರಳಿದ ಪೇರಂಟ್ 1974 ಮತ್ತು 1975ರಲ್ಲಿ ತಂಡಕ್ಕೆ ಸ್ಟಾನ್ಲಿ ಕಪ್ ಗೆದ್ದುಕೊಟ್ಟರು. 1972ರ ಸೆಪ್ಟೆಂಬರ್‌ನಲ್ಲಿ ಕೆನಡಾ-ಸೋವಿಯತ್ ಸರಣಿಯ ಮೊದಲ ಪಂದ್ಯಕ್ಕೆ ಮುನ್ನ ಪ್ಲಾಂಟ್ ದುಭಾಷಿಯೊಂದಿಗೆ ಎದುರಾಳಿಗಳ ಕೊಠಡಿಗೇ ಹೋದರು. ಇಪ್ಪತ್ತು ವರ್ಷದ ಸೋವಿಯತ್ ಗೋಲ್ ಕೀಪರ್ ವ್ಲಾದಿಸ್ಲಾವ್ ಟ್ರೆಟಿಯಾಕ್‌ಗೆ ಕೆನಡಾದ ಯಾವ ಆಟಗಾರ ಎಲ್ಲಿಂದ ಹೇಗೆ ಹೊಡೆಯುತ್ತಾನೆ ಎಂದು ಹಲಗೆಯ ಮೇಲೆ ಬರೆದು ತೋರಿಸಿದರು. ಎಳೆಯನೊಬ್ಬ ಪೆಟ್ಟು ತಿಂದು ಕುಗ್ಗಬಾರದೆಂಬ ಕನಿಕರವಷ್ಟೇ ಅದರ ಹಿಂದೆ ಇತ್ತೇನೋ. ಅಂದು ಕೆನಡಾ 3-7ರಿಂದ ಸೋತಿತು.

ಗೋಲು ಕಾಯುವ ಕಲೆಯ ಕುರಿತು ಪ್ಲಾಂಟ್ ಪುಸ್ತಕವನ್ನೂ ಬರೆದರು. ಬಾಸ್ಟನ್‌ಗೆ ಕೆಲವು ಪಂದ್ಯ, ಆಮೇಲೆ ಪ್ರತಿಸ್ಪರ್ಧಿ ಲೀಗ್‌ನ ಎಡ್ಮಂಟನ್ ತಂಡಕ್ಕೆ ಒಂದು ಋತು ಆಡಿ, 46ರ ವಯಸ್ಸಿನಲ್ಲಿ, 1975ರಲ್ಲಿ ಆಟದಿಂದ ಸರಿದರು. 1978ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದರು. ಮಾಂಟ್ರಿಯಲ್ ಕೆನೇಡಿಯನ್ಸ್ 1995ರಲ್ಲಿ ಅವರ ಒಂದನೇ ಸಂಖ್ಯೆಯ ಅಂಗಿಯನ್ನು ಬೇರಾರಿಗೂ ಕೊಡದೆ ಗೌರವಿಸಿತು. ಅದನ್ನು ನೋಡಲು ಅವರು ಇರಲಿಲ್ಲ.

ಕೊನೆಯ ವರ್ಷಗಳನ್ನು ಸ್ವಿಟ್ಜರ್ಲೆಂಡ್‌ನಲ್ಲಿ ಕಳೆದ ಪ್ಲಾಂಟ್, ಹೊಟ್ಟೆಯ ಕ್ಯಾನ್ಸರ್‌ನಿಂದ ಬಳಲಿ 1986ರ ಫೆಬ್ರುವರಿ 27ರಂದು ಜಿನೀವಾದಲ್ಲಿ ನಿಧನರಾದರು. ಆಗ ವಯಸ್ಸು 57. ಕ್ವಿಬೆಕ್‌ನ ಎಳೆಯರ ಹಾಕಿ ತಂಡವೊಂದು ಪಂದ್ಯಾವಳಿಗಾಗಿ ಆ ದಿನಗಳಲ್ಲಿ ಸ್ವಿಟ್ಜರ್ಲೆಂಡ್‌ಗೆ ಬಂದಿತ್ತು. ಪ್ರಾರ್ಥನೆ ಮುಗಿದು ಶವಪೆಟ್ಟಿಗೆಯನ್ನು ಚರ್ಚ್‌ನಿಂದ ಹೊರತರುವಾಗ ಆ ಹುಡುಗರು ಎರಡು ಸಾಲಾಗಿ ನಿಂತು ತಮ್ಮ ಹಾಕಿ ಕೋಲುಗಳನ್ನು ಮೇಲೆತ್ತಿ ಕಮಾನು ಕಟ್ಟಿದರು. ಪ್ಲಾಂಟ್ ಅದರಡಿ ಹಾದುಹೋದರು.